ಹೊಲದಲ್ಲಿ ಗ್ರಿಲ್ ಹಚ್ಚುವ ಮುಂಚೆ: ಬೆಂಕಿ ಕೈಮೀರದಂತೆ ನೋಡಿಕೊಳ್ಳುವುದು ಹೇಗೆ

ಎಳ್ಳ ಅಮಾವಾಸ್ಯೆಯಿಂದ ಸೀತನಿ (ಸುಟ್ಟು ತಿನ್ನುವ ಎಳೆ ಜೋಳದ ತೆನೆ) ಕಾಲ ಮುಗಿಯುವ ತನಕ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಮಂದಿ ಗುಂಪುಗೂಡಿ ಹೊಲದಲ್ಲಿ ಉಣ್ಣುತ್ತಾರೆ. ಕುಳ್ಳಿನ ಕೆಂಡದ ಗುಂಡಿಯ ಪಕ್ಕ ಈಗ ಇದ್ದಲಿ ಗ್ರಿಲ್, ಗ್ಯಾಸ್ ಗ್ರಿಲ್ ಕೂಡ ಬಂದು ನಿಂತಿವೆ. ಅದೇ ಹೊತ್ತಿಗೆ ಕಟಾವಾದ ಕಬ್ಬಿನ ಗದ್ದೆಯಲ್ಲಿ ರವದಿ (ಕಬ್ಬಿನ ಸೋಗೆ) ಒಣಗಿ ಬಿದ್ದಿರುತ್ತದೆ, ಬದುವಿನ ಹುಲ್ಲು ಗರಿಗರಿಯಾಗಿರುತ್ತದೆ. ಪಕ್ಕದ ಹೊಲದವರ ವರ್ಷದ ದುಡಿಮೆ ಹೋಗಲು ಒಂದು ಕಿಡಿ ಸಾಕು.

ಎಲ್ಲಕ್ಕಿಂತ ಮೊದಲು ಬೆಂಕಿಯ ಹೊಣೆಯನ್ನು ಒಬ್ಬರಿಗೆ ಒಪ್ಪಿಸಿ. ಅವರು ಬಡಿಸಲು ಹೋಗಬಾರದು, ಕುಡಿದಿರಬಾರದು, ಬೂದಿ ತಣ್ಣಗಾಗುವವರೆಗೆ ಜಾಗ ಬಿಡಬಾರದು. ಊಟಕ್ಕೆ ಕೂರಬೇಕೆಂದರೆ ಬದಲಿಗೆ ಇನ್ನೊಬ್ಬರನ್ನು ನಿಲ್ಲಿಸಿಯೇ ಕೂರಬೇಕು. "ಎಲ್ಲರೂ ನೋಡ್ಕೋತೀವಿ" ಎಂದರೆ ಯಾರೂ ನೋಡುವುದಿಲ್ಲ.

ಜಾಗ ಹುಡುಕುವಾಗ ರಾಶಿ ತೂರುವವರಂತೆ ಹಿಡಿ ಮಣ್ಣು ತೂರಿ ಗಾಳಿಯ ದಿಕ್ಕು ನೋಡಿ. ಬಣವಿ, ರವದಿ, ನಿಂತ ಬೆಳೆ ಗಾಳಿ ಹೋಗುವ ಕಡೆ ಇರಲೇಬಾರದು. ಬೇರೆ ಕಡೆ ಇದ್ದರೂ ಕನಿಷ್ಠ 50 ಅಡಿ ದೂರವಿರಲಿ. ಶಾಮಿಯಾನ, ತಗಡಿನ ಶೆಡ್, ವಾಹನಗಳಿಂದ 10 ಅಡಿ ಅಂತರ ಬೇಕು. ಶಾಮಿಯಾನದ ಪಾಲಿಯೆಸ್ಟರ್ ಬಟ್ಟೆ ಉರಿಯುತ್ತಲೇ ಕರಗಿ ತೊಟ್ಟಿಕ್ಕುತ್ತದೆ, ಕೆಳಗಿದ್ದವರ ಮೈಗೆ ಅಂಟುತ್ತದೆ. ಗ್ರಿಲ್ ಸುತ್ತ 10 ಅಡಿ ಹುಲ್ಲು, ಕೂಳೆ ಎಲ್ಲವನ್ನೂ ಸಲಿಕೆಯಿಂದ ಹೆರೆದು ನೀರು ಚಿಮುಕಿಸಿ. ಎರೆ ಹೊಲವಾದರೆ ಬಿರುಕುಗಳನ್ನು ಮಣ್ಣು ಹಾಕಿ ಮುಚ್ಚಿ. ಬಿರುಕಿಗೆ ಜಾರಿದ ಕೆಂಡ ಒಳಗಿನ ಒಣ ಕಸ, ಬೇರು ಹಿಡಿದು ಕಣ್ಣಿಗೆ ಬೀಳದೆ ಹೊಗೆಯಾಡುತ್ತ ಇರುತ್ತದೆ. ಫಾರ್ಮ್‌ಹೌಸಿನ ಕಾಂಕ್ರೀಟ್ ಅಥವಾ ಫರಸಿ ಕಲ್ಲಿನ ಮೇಲೆ ನೇರವಾಗಿ ಕೆಂಡ ಸುರಿಯಬೇಡಿ, ಒಳಗಿನ ತೇವ ಆವಿಯಾಗಿ ಕಲ್ಲು ಸಿಡಿಯಬಹುದು. ಕಾಲಿರುವ ಗ್ರಿಲ್ ಆದರೆ ಒಂದು ಕಾಲನ್ನು ಒತ್ತಿ ನೋಡಿ. ಅಲುಗಾಡಿದರೆ ಇಟ್ಟಿಗೆ ಇಟ್ಟು ಸಮ ಮಾಡಿ.

ಹಚ್ಚುವ ಮುಂಚೆ ಎರಡು ಬಕೆಟ್ ನೀರು, ಒಂದು ಬಕೆಟ್ ಒಣ ಮರಳು, ನೆನೆಸಿದ ಎರಡು ಗೋಣಿ ಚೀಲ, ಸಲಿಕೆ, ಉದ್ದನೆಯ ಚಿಮಟಿಗೆ ಕೈಗೆ ಸಿಗುವಷ್ಟು ಹತ್ತಿರ ಇರಲಿ. 4 ಅಥವಾ 6 ಕೆಜಿಯ ಎಬಿಸಿ ಪುಡಿಯ ಅಗ್ನಿಶಾಮಕ ಸಿಲಿಂಡರ್ ಇದ್ದರೆ ತುಂಬಾ ಒಳ್ಳೆಯದು. ಅದರ ಒತ್ತಡ ಮಾಪಕದ ಮುಳ್ಳು ಹಸಿರು ಭಾಗದಲ್ಲಿರಬೇಕು. ಬಳಸುವಾಗ ಗಾಳಿಗೆ ಬೆನ್ನು ಮಾಡಿ ನಿಂತು, ಪಿನ್ ಎಳೆದು, ಜ್ವಾಲೆಯ ಬುಡಕ್ಕೆ ಹೊಡೆಯಿರಿ. ಪುಡಿ ಅರ್ಧ ನಿಮಿಷವೂ ಬಾರದು, ಆದ್ದರಿಂದ ಮೇಲಿನ ಉರಿಗೆ ಹೊಡೆದು ವ್ಯರ್ಥ ಮಾಡಬೇಡಿ.

ಇದ್ದಲಿ ಹೊತ್ತಿಸಲು ಪೆಟ್ರೋಲ್ ಬೇಡವೇ ಬೇಡ. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಂಡಿರುತ್ತದೆ. ಕಡ್ಡಿ ಗೀರಿದ ಕೂಡಲೇ ಹಚ್ಚುವವರ ಕಾಲಬುಡದಲ್ಲೇ ಭಗ್ಗೆಂದು ಏಳುತ್ತದೆ. ಇನ್ನೂ ದೊಡ್ಡ ತಪ್ಪು ಎಂದರೆ ಆರಿದಂತೆ ಕಾಣುವ ಇದ್ದಲಿಯ ಮೇಲೆ ಸೀಮೆಎಣ್ಣೆ, ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಸುರಿಯುವುದು. ಒಳಗೆ ಕೆಂಡ ಜೀವಂತವಾಗಿದ್ದರೆ ಬೆಂಕಿ ಧಾರೆ ಹಿಡಿದು ಕೈಯಲ್ಲಿನ ಬಾಟಲಿಗೇ ಬರುತ್ತದೆ. ಅಡುಗೆ ಎಣ್ಣೆಯಲ್ಲಿ ಅದ್ದಿದ ಹತ್ತಿಯುಂಡೆಗೆ ಎರಡು ಕರ್ಪೂರ ಸೇರಿಸಿ, ಇದ್ದಲಿಯನ್ನು ಗೋಪುರದಂತೆ ಪೇರಿಸಿ ಬುಡದಲ್ಲಿ ಹಚ್ಚಿ. 20 ನಿಮಿಷದ ಆಸುಪಾಸಿನಲ್ಲಿ ಅಂಚಿಗೆ ಬಿಳಿ ಬೂದಿ ಬಂದಾಗ ಹರಡಿ. ಬೀಸಣಿಗೆಯಿಂದ ಮೆಲ್ಲಗೆ ಬೀಸಿ. ಅವಸರಕ್ಕೆ ಟೇಬಲ್ ಫ್ಯಾನ್ ಇಟ್ಟರೆ ಕಿಡಿಗಳು ದೂರ ಹಾರುತ್ತವೆ.

ಗ್ರಿಲ್ಲಿನ ಮೂರನೇ ಒಂದು ಭಾಗಕ್ಕೆ ಕೆಂಡ ಹಾಕದೆ ಖಾಲಿ ಬಿಡಿ. ಮಾಂಸದ ಕೊಬ್ಬು, ಮಸಾಲೆಯ ಎಣ್ಣೆ ತೊಟ್ಟಿಕ್ಕಿ ಉರಿ ಎದ್ದಾಗ ತುಂಡುಗಳನ್ನು ಆ ಕಡೆ ಸರಿಸಿ, ಮುಚ್ಚಳ ಮುಚ್ಚಿ, ಗಾಳಿಕಿಂಡಿ ಬಿಗಿ ಮಾಡಿ. ಮುಚ್ಚಳವಿಲ್ಲದಿದ್ದರೆ ಒಣ ಮರಳು. ಉರಿಯುವ ಎಣ್ಣೆಗೆ ನೀರು ಸುರಿದರೆ ನೀರು ಕ್ಷಣದಲ್ಲಿ ಆವಿಯಾಗಿ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಸೀತನಿ ಸುಡುವವರು ಇನ್ನೊಂದನ್ನು ಗಮನಿಸಿ: ತೆನೆಗೆ ಅಂಟಿದ ಕಿಡಿ ತಿಕ್ಕುವ ಗೋಣಿಗೆ, ಅಲ್ಲಿಂದ ಹೊಟ್ಟಿಗೆ ಹೋಗುತ್ತದೆ. ತೆನೆಯನ್ನು ಮೊದಲು ಕೆಂಡದ ಮೇಲೆಯೇ ಬಡಿದು ಕೊಡವಿ.

ಗ್ಯಾಸ್ ಗ್ರಿಲ್ ಆದರೆ ಸಿಲಿಂಡರ್ ನೆಟ್ಟಗೆ ನಿಂತಿರಲಿ, ಕೊಳವೆ ಗ್ರಿಲ್ಲಿನ ಬಿಸಿ ಭಾಗಕ್ಕೆ ತಾಗದಿರಲಿ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದರೆ ಸೋರುತ್ತಿದೆ ಎಂದರ್ಥ, ಆ ದಿನ ಅದನ್ನು ಹಚ್ಚಬೇಡಿ. ಮುಚ್ಚಳ ತೆರೆದೇ ಹೊತ್ತಿಸಿ. ಹೊತ್ತದಿದ್ದರೆ ಗ್ಯಾಸ್ ನಿಲ್ಲಿಸಿ, ಐದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ.

ಮಕ್ಕಳಿಗೆ ಮೂರು ಅಡಿ ದೂರದಲ್ಲಿ ಸುಣ್ಣದ ಗೆರೆ ಎಳೆಯಿರಿ. ಇಳಕಲ್ ಸೀರೆಯ ಸೆರಗು, ದುಪಟ್ಟಾ, ಶಲ್ಯ ಸಿಕ್ಕಿಸಿಕೊಂಡೇ ಹತ್ತಿರ ಬರಬೇಕು.

ಬೆಳಗಾವಿ ಕಡೆಯ ಡಿಸೆಂಬರ್ ಚಳಿಗೆ ಉಳಿದ ಕೆಂಡವನ್ನು ಕೋಣೆಗೋ ಟೆಂಟಿಗೋ ಒಯ್ಯುವ ಆಸೆಯಾಗುತ್ತದೆ. ಖಂಡಿತ ಬೇಡ. ಇದ್ದಲಿಯಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳದೇ ಹೋಗಬಹುದು. ತಲೆನೋವು, ವಾಕರಿಕೆ, ಮಂಪರು ಕಂಡರೆ ತಕ್ಷಣ ಎಲ್ಲರನ್ನೂ ಹೊರಗೆ ತನ್ನಿ.

ಬೂದಿಯ ಕೆಳಗೆ ಕೆಂಡ ಮರುದಿನದವರೆಗೂ ಉಳಿಯಬಲ್ಲದು. ನೀರು ಹಾಕಿ, ಸಲಿಕೆಯಿಂದ ಕಲಸಿ, ಮತ್ತೆ ನೀರು ಹಾಕಿ. ಬುಸುಗುಡುವ ಸದ್ದು ನಿಂತ ಮೇಲೆ ಅಂಗೈಯ ಹಿಂಭಾಗವನ್ನು ಹತ್ತಿರ ಒಡ್ಡಿ ಶಾಖ ನೋಡಿ. ತಣ್ಣಗಾದ ಮೇಲೂ ತಿಪ್ಪೆಗೆ, ಬದುವಿಗೆ ಚೆಲ್ಲದೆ ಮುಚ್ಚಳದ ಕಬ್ಬಿಣದ ಡಬ್ಬಿಯಲ್ಲಿ ಎರಡು ದಿನ ಇಡಿ.

ಮೈ ಸುಟ್ಟರೆ ಬಳೆ, ಉಂಗುರ ಕೂಡಲೇ ಬಿಚ್ಚಿ, 20 ನಿಮಿಷ ಹರಿಯುವ ತಣ್ಣೀರು ಬಿಡಿ. ಟೂತ್‌ಪೇಸ್ಟ್, ಮಂಜುಗಡ್ಡೆ, ಅರಿಶಿನ ಬೇಡ. ಬಟ್ಟೆಗೆ ಉರಿ ಹಿಡಿದವರನ್ನು ಓಡಲು ಬಿಡದೆ ಕೆಳಗೆ ಮಲಗಿಸಿ ಉರುಳಿಸಿ. ಬೆಂಕಿ ಹಬ್ಬಿದರೆ 112, ಆಂಬ್ಯುಲೆನ್ಸಿಗೆ 108. ಹೊಲಕ್ಕೆ ಮನೆ ನಂಬರ್ ಇರುವುದಿಲ್ಲ, ಹೀಗಾಗಿ ಊರು, ತಾಲೂಕು, ಹತ್ತಿರದ ಗುಡಿಯನ್ನೋ ಕ್ರಾಸನ್ನೋ ಹೇಳಿ, ಬಂಡಿದಾರಿ ತೋರಿಸಲು ಡಾಂಬರು ರಸ್ತೆಗೆ ಒಬ್ಬರನ್ನು ಕಳಿಸಿ.