ಮೇಜಿನ ಮೇಲೆ ಝೀಲಂ ಕದನ

ಕ್ರಿ.ಪೂ. 326ರಲ್ಲಿ ಝೀಲಂ ನದಿ ದಡದಲ್ಲಿ ಪೋರಸ್ ಮತ್ತು ಅಲೆಕ್ಸಾಂಡರ್ ಎದುರಾದರು. ಆ ಯುದ್ಧವನ್ನು ಮನೆಯ ಊಟದ ಮೇಜಿನ ಮೇಲೆ ಆಡಬಹುದು. ಹೊಸಬರಿಗೆ ನಾನು ಹೇಳುವ ಆಟ ಡಿಬಿಎ, ಅಂದರೆ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’. ಬ್ರಿಟನ್ನಿನ ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್ 1990ರಲ್ಲಿ ಇದರ ನಿಯಮಗಳನ್ನು ಹೊರತಂದಿತು. ಒಂದು ಕಡೆಗೆ 12 ತುಕಡಿ, ಅಷ್ಟೇ.

ಮೊದಲು ಸೇನೆ ಕಟ್ಟಿ. 15 ಮಿ.ಮೀ. ಅಳತೆಯ ಗೊಂಬೆಗಳನ್ನು 40 ಮಿ.ಮೀ. ಅಗಲದ ರಟ್ಟಿಗೆ ಅಂಟಿಸಬೇಕು. ಒಂದು ರಟ್ಟು ಒಂದು ತುಕಡಿ. ಒಂದೊಂದು ರಟ್ಟಿನ ಮೇಲೆ ಒತ್ತಾಗಿ ನಿಲ್ಲುವ ಈಟಿಯವರಾದರೆ ನಾಲ್ವರು, ಕುದುರೆ ಸವಾರರು ಮೂವರು, ಚದುರಿ ಓಡಾಡುವ ಹಗುರ ಕಾಲಾಳುಗಳು ಇಬ್ಬರು. ಆನೆ ಒಂದೇ. ಗೊಂಬೆಗೆ ಖರ್ಚು ಜಾಸ್ತಿ ಅನ್ನಿಸಿದರೆ ರಟ್ಟಿನ ಮೇಲೆ ‘ಆನೆ’, ‘ರಥ’ ಎಂದು ಬರೆದು ಶುರುಮಾಡಿ. ಆಟದ ಸೊಗಸು ಕಡಿಮೆಯಾಗುವುದಿಲ್ಲ.

ಪೋರಸ್‌ಗೆ ನಾನು 3 ಆನೆ, 2 ರಥ, 2 ಕುದುರೆ, 5 ಬಿಲ್ಲುಗಾರರ ತುಕಡಿ ಕೊಡುತ್ತೇನೆ. ನಮ್ಮ ಚದುರಂಗದ ನಾಲ್ಕೂ ಬಲ ಬಂತು, ಅಲ್ವಾ? ಅಲೆಕ್ಸಾಂಡರ್‌ಗೆ ಉದ್ದ ಈಟಿಯ 6, ಕುದುರೆ 4, ಹಗುರ ಕಾಲಾಳು 2. ಈಟಿಯವರನ್ನು ಒಂದರ ಹಿಂದೊಂದು ನಿಲ್ಲಿಸಿ, ಹಿಂದಿನ ಸಾಲಿನ ಬಲವೂ ಸೇರುತ್ತದೆ.

ನೆಲಕ್ಕೆ 60 ಸೆಂ.ಮೀ. ಚೌಕದ ಹಸಿರು ಬಟ್ಟೆ ಸಾಕು. ಒಂದು ಅಂಚಿಗೆ ನದಿ ಬರಲಿ. ಅಲೆಕ್ಸಾಂಡರ್ ಮಳೆಯ ರಾತ್ರಿ ತನ್ನ ಪಾಳೆಯದಿಂದ ಸುಮಾರು 27 ಕಿ.ಮೀ. ಮೇಲೆ ಹೋಗಿ ಹೊಳೆ ದಾಟಿದ್ದ. ಹಾಗಾಗಿ ಎರಡೂ ಸೇನೆ ಒಂದೇ ದಡದಲ್ಲಿರಬೇಕು. ಆ ಮಳೆಯ ಕೆಸರಿನಲ್ಲಿ ಪೋರಸ್‌ನ ರಥಗಳು ಹೂತಿದ್ದವು. ಅದಕ್ಕೆ ರಥಗಳ ಮುಂದೆ ಒಂದು ಕಂದು ಬಟ್ಟೆ ಹಾಸಿ, ಅದನ್ನು ಕೆಟ್ಟ ನೆಲ ಅಂದುಕೊಳ್ಳಿ.

ಈಗ ಆಟದ ಜೀವಾಳ. ನಿಮ್ಮ ಸರದಿಯಲ್ಲಿ ಒಂದು ದಾಳ ಉರುಳಿಸಿ. ಬಿದ್ದಷ್ಟೇ ಅಪ್ಪಣೆ ನಿಮ್ಮ ಕೈಯಲ್ಲಿ. ಒತ್ತಿಕೊಂಡು ಒಂದೇ ಕಡೆ ಮುಖ ಮಾಡಿ ನಿಂತ ತುಕಡಿಗಳೆಲ್ಲ ಒಂದೇ ಅಪ್ಪಣೆಗೆ ಮುಂದೆ ಸಾಗುತ್ತವೆ. ಸಾಲು ಒಡೆಯಿತೋ, ಒಂದೊಂದಕ್ಕೂ ಒಂದೊಂದು ಅಪ್ಪಣೆ ಬೇಕು. ಎರಡು ಬಿದ್ದಾಗ ಎಡಗಡೆ ಉಳಿಸುವುದೋ, ಆನೆಗಳನ್ನು ನುಗ್ಗಿಸುವುದೋ? ದಂಡನಾಯಕನ ಕಷ್ಟವನ್ನು ಇಷ್ಟು ಸರಳವಾಗಿ ತೋರಿಸುವ ಇನ್ನೊಂದು ನಿಯಮ ನನಗೆ ಗೊತ್ತಿಲ್ಲ. ಅದಕ್ಕೇ ಹೇಳುವುದು, ಸುಮ್ನೆ ಸಾಲು ಒಡೆಯಬೇಡಿ.

ತುಕಡಿಗಳು ತಾಗಿದಾಗ ಇಬ್ಬರೂ ದಾಳ ಹಾಕಿ, ತುಕಡಿಯ ಬಲವನ್ನು ಕೂಡಿಸಬೇಕು. ಕುದುರೆಗೆ ಕುದುರೆ ಎದುರಾದರೆ ಇಬ್ಬರ ಬಲವೂ 3. ಒಬ್ಬರಿಗೆ 4 ಬಿತ್ತು, ಒಟ್ಟು 7. ಇನ್ನೊಬ್ಬರಿಗೆ 2, ಒಟ್ಟು 5. ಐದರವರು ಹಿಂದೆ ಸರಿಯುತ್ತಾರೆ. ಅದೇ 8ಕ್ಕೆ 4 ಬಂದರೆ, ಅಂದರೆ ಅರ್ಧ ಅಥವಾ ಇನ್ನೂ ಕಡಿಮೆಯಾದರೆ, ಆ ತುಕಡಿ ನಾಶ. ಬೆನ್ನಿಗೆ ಶತ್ರು ಇದ್ದಾಗ ಹಿಂದೆ ಸರಿಯಬೇಕಾಗಿ ಬಂದರೂ ನಾಶವೇ.

ಅಲೆಕ್ಸಾಂಡರ್ ಗೆದ್ದದ್ದು ಹೀಗೆಯೇ. ಅವನ ಸೇನಾನಿ ಕೋಯನಸ್ ಸುತ್ತು ಹಾಕಿ ಬಂದು ಪೋರಸ್‌ನ ಕುದುರೆಗಳ ಬೆನ್ನಿಗೆ ಬಿದ್ದ. ನೀವೂ ಎರಡು ಕುದುರೆ ತುಕಡಿಗಳನ್ನು ಅದಕ್ಕೇ ಮೀಸಲಿಡಿ. ಪೋರಸ್ ಆಗಿ ಆಡುವವರು ಹಗುರ ಕಾಲಾಳುಗಳನ್ನು ಆನೆಗಳ ಹತ್ತಿರ ಬಿಡಬೇಡಿ. ಅವರಿಗೆ ಸೋತರೆ ಆನೆ ಹಿಂದೆ ಸರಿಯುವುದಿಲ್ಲ, ಅಲ್ಲೇ ಬೀಳುತ್ತದೆ.

ನಾಲ್ಕು ತುಕಡಿ ಹೋಗಿ, ಎದುರಾಳಿಗಿಂತ ಹೆಚ್ಚು ಕಳೆದುಕೊಂಡವರು ಸೋತಂತೆ. ಆಮೇಲೆ ಕಡೆ ಬದಲಿಸಿ. ಈ ಸಲ ಕಂದು ಬಟ್ಟೆ ತೆಗೆದಿಟ್ಟು ಆಡಿ. ಗಟ್ಟಿ ನೆಲ ಸಿಕ್ಕಿದ್ದರೆ ಪೋರಸ್‌ನ ರಥಗಳು ಎಲ್ಲಿಯವರೆಗೆ ನುಗ್ಗುತ್ತಿದ್ದವೋ ನೋಡಿ.