ಹೊಲದಲ್ಲಿ ಕೂತ ವಿಮಾನವನ್ನು ಎಬ್ಬಿಸಿದ್ದು

ತುರ್ತಾಗಿ ಹೊಲಕ್ಕಿಳಿದ ವಿಮಾನವನ್ನು ಆಚೆ ತಂದೆವು ಅಂದರೆ ಎಲ್ಲರೂ ಕೇಳುವುದು ಒಂದೇ: ‘ಎಷ್ಟು ದೊಡ್ಡ ಕ್ರೇನ್ ತರಿಸಿದ್ರಿ?’ ಆ ಕ್ರೇನ್ ನಿಲ್ಲಲಿಕ್ಕೂ ಗಟ್ಟಿ ನೆಲ ಬೇಕಲ್ವಾ? ಈ ಕೆಲಸದಲ್ಲಿ ಜಾಸ್ತಿ ಹೊತ್ತು ಹೋಗುವುದು ಮಣ್ಣಿನ ಹಿಂದೆಯೇ.

ನಾನಿಲ್ಲಿ ಹೇಳುತ್ತಿರುವುದು ಏರ್‌ಬಸ್ ಎ320 ಗಾತ್ರದ ವಿಮಾನದ ಮಾತು. ಖಾಲಿ ಇದ್ದರೂ ಸುಮಾರು 42 ಟನ್. ಎಡಗಡೆಯ ಲ್ಯಾಂಡಿಂಗ್ ಗೇರ್ (ಚಕ್ರದ ಕಾಲು) ಮುರಿದು, ಆ ಕಡೆಯ ಎಂಜಿನ್ ನೆಲಕ್ಕೆ ಊರಿತ್ತು. ಬಲಗಡೆಯ ಚಕ್ರಗಳು ಅರ್ಧ ಹೂತಿದ್ದವು.

ತನಿಖೆಯವರು ಬಿಟ್ಟುಕೊಡುವ ತನಕ ಒಂದು ಬೋಲ್ಟನ್ನೂ ಮುಟ್ಟುವಂತಿಲ್ಲ. ಆ ಹೊತ್ತನ್ನು ಸುಮ್ನೆ ಕಳೆಯಲಿಲ್ಲ. ಚೂಪು ತುದಿಯ ಸರಳನ್ನು ಅಲ್ಲಲ್ಲಿ ಒತ್ತಿ, ನೆಲ ಎಷ್ಟು ಭಾರ ತಡೆಯುತ್ತದೆ ಅಂತ ಅಳೆದೆವು. ಮೇಲೆ ಒಣಗಿದ ಪದರ, ಒಂದು ಮೊಳ ಕೆಳಗೆ ಹಸಿ ಜೇಡಿಮಣ್ಣು. ಮಳೆ ಬಂದರೆ ಕೆಟ್ಟೆವು. ಮೊದಲು ಸುತ್ತ ಕಾಲುವೆ ತೋಡಿ ನೀರು ಹೋಗಲು ದಾರಿ ಮಾಡಿದೆವು. ಆಮೇಲೆ ಜಲ್ಲಿ, ಅದರ ಮೇಲೆ ದಪ್ಪ ಸ್ಟೀಲ್ ಪ್ಲೇಟ್.

ಮುಂದಿನದು ಭಾರ ಇಳಿಸುವುದು. ಬ್ಯಾಟರಿ ಕಳಚಿ, ಅರ್ಥಿಂಗ್ ಕೊಟ್ಟು, ಇಂಧನ ಹೀರಿ ತೆಗೆಯಬೇಕು. 5,000 ಲೀಟರ್ ಅಂದರೆ 4 ಟನ್. ಆದರೆ ಒಂದು ರೆಕ್ಕೆಯನ್ನು ಪೂರ್ತಿ ಬರಿದು ಮಾಡಿ ಆಮೇಲೆ ಇನ್ನೊಂದಕ್ಕೆ ಹೋದರೆ ತೂಕ ಒಂದು ಕಡೆಗೆ ವಾಲುತ್ತದೆ. ಸರಕು, ಸೀಟು, ಏನೇ ಇಳಿಸಿದರೂ ತೂಕ ಮತ್ತು ಗುರುತ್ವ ಕೇಂದ್ರದ ಲೆಕ್ಕ ಮತ್ತೆ ಹಾಕಬೇಕು. ಬೇಜಾರಿನ ಕೆಲಸ, ಆದರೆ ಲೆಕ್ಕ ಕೈಯಲ್ಲಿಲ್ಲದೆ ಎತ್ತಲು ನಾನಂತೂ ಒಪ್ಪುವುದಿಲ್ಲ.

ಎತ್ತಿದ್ದು ಗಾಳಿಚೀಲಗಳಿಂದ. ಪದರ ಪದರವಾಗಿ ಉಬ್ಬುವ ದಪ್ಪ ರಬ್ಬರ್ ಚೀಲಗಳಿವು. ಒಳಗಿನ ಒತ್ತಡ ಕಾರಿನ ಟೈರಿನ ಕಾಲು ಭಾಗವೂ ಇರುವುದಿಲ್ಲ. ಆದರೂ ಅರ್ಧ ಬಾರ್ ಒತ್ತಡಕ್ಕೆ ಪ್ರತಿ ಚದರ ಮೀಟರ್ ಸುಮಾರು 5 ಟನ್ ಹೊರುತ್ತದೆ. ಭಾರ ಅಗಲಕ್ಕೆ ಹರಡುವುದರಿಂದ ರೆಕ್ಕೆಯ ತಗಡು ನಜ್ಜುಗುಜ್ಜಾಗುವುದಿಲ್ಲ. ಚೀಲವನ್ನು ಒಳಗಿನ ಗಟ್ಟಿ ತೊಲೆಗಳ ಕೆಳಗೇ ಇಡಬೇಕು, ರೆಕ್ಕೆಯ ಹಿಂಬದಿಯ ಅಲುಗಾಡುವ ಫ್ಲಾಪ್ ಕೆಳಗೆ ಅಲ್ಲ.

ರೆಕ್ಕೆ ನೆಟ್ಟಗೆ ಮೇಲೇಳುವುದಿಲ್ಲ. ಕಮಾನಿನ ಹಾಗೆ ತಿರುಗುತ್ತಾ ಏಳುತ್ತದೆ, ಚೀಲ ಪಕ್ಕಕ್ಕೆ ಜಾರಲು ನೋಡುತ್ತದೆ. ಅದಕ್ಕೇ ವಿಮಾನವನ್ನು ಎರಡೂ ಕಡೆ ನೆಲದ ಗೂಟಗಳಿಗೆ ಹಗ್ಗ ಕಟ್ಟಿ ಹಿಡಿದಿದ್ದೆವು. ಒಬ್ಬನೇ ಚೀಲಕ್ಕೆ ಗಾಳಿ ತುಂಬುವವನು, ಒಬ್ಬನೇ ಸನ್ನೆ ಮಾಡುವವನು, ಉಳಿದವರ ಬಾಯಿ ಬಂದ್. ಒಂದಿಷ್ಟು ಎತ್ತು, ಕೆಳಗೆ ಮರದ ದಿಮ್ಮಿ ಜೋಡಿಸು, ಮತ್ತೆ ಎತ್ತು. ತಗಡು ಆಗಾಗ ಟಕ್ ಟಕ್ ಅನ್ನುತ್ತಿತ್ತು. ಎಂಜಿನ್ನಿನ ಹೊಟ್ಟೆ ಕೆಸರಿನಿಂದ ಕಿತ್ತುಕೊಂಡಾಗ ಪಚಕ್ ಅಂದಿತು, ರೆಕ್ಕೆ ಒಂದು ಗೇಣು ಜಿಗಿಯಿತು. ಹಗ್ಗ ಬಿಗಿಯಾಗಿದ್ದಕ್ಕೆ ಬಚಾವು. ಗಾಳಿ ಬೀಸಿದಾಗಲೆಲ್ಲ ಕೆಲಸ ನಿಲ್ಲಿಸಿ, ಭಾರವನ್ನು ದಿಮ್ಮಿಗಳ ಮೇಲೆ ಬಿಟ್ಟು ಕಾದೆವು.

ಆಮೇಲೆ ತಯಾರಕರು ಹೇಳಿದ ಜಾಗದಲ್ಲೇ ಜಾಕ್ ಕೊಟ್ಟು, ಮುರಿದ ಗೇರ್ ಬಿಚ್ಚಿ, ಎಡಗಡೆಗೆ ಟ್ರೈಲರ್ ತೂರಿಸಿದೆವು. ಬಲ ಚಕ್ರಗಳ ಎದುರು ನಿಧಾನಕ್ಕೆ ಏರುವ ಇಳಿಜಾರು ತೋಡಿ ಪ್ಲೇಟ್ ಹಾಸಿದೆವು. ಎಳೆಯುವ ಭಾರವನ್ನೆಲ್ಲ ಮೂಗಿನ ಗೇರ್ ಮೇಲೆ ಹಾಕಿದರೆ ಅದು ಮುರಿದು ಕೈಗೆ ಬರುತ್ತದೆ. ಅದು ದಿಕ್ಕು ತಿರುಗಿಸಲು ಮಾತ್ರ. ಎಳೆಯುವ ಹಗ್ಗದಲ್ಲಿ ಎಳೆತ ಅಳೆಯುವ ಲೋಡ್ ಸೆಲ್ ಇತ್ತು. ಅಂಕಿ ಮಿತಿಯ ಹತ್ತಿರ ಬಂದರೆ ಹಗ್ಗ ಸುತ್ತಿ ಎಳೆಯುವ ವಿಂಚ್ ಬಂದ್, ಸಲಿಕೆ ಕೈಗೆ.

‘ಅಲ್ಲಿಂದಲೇ ಹಾರಿಸಬಹುದಿತ್ತಲ್ಲ?’ ಅಂತಲೂ ಕೇಳುತ್ತಾರೆ. 1988ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿರ ಹುಲ್ಲಿನ ಮೇಲೆ ಇಳಿದ ಬೋಯಿಂಗ್ 737ಕ್ಕೆ ಎಂಜಿನ್ ಬದಲಿಸಿ, ಹತ್ತಿರದ ರಸ್ತೆಯಿಂದ ಹಾರಿಸಿದ್ದು ನಿಜ. ರಷ್ಯಾದಲ್ಲಿ 2023ರಲ್ಲಿ ನೊವೊಸಿಬಿರ್ಸ್ಕ್ ಪ್ರಾಂತ್ಯದ ಹೊಲಕ್ಕಿಳಿದ ಎ320ಯನ್ನು ನೆಲ ಹೆಪ್ಪುಗಟ್ಟಿದ ಮೇಲೆ ಹಾರಿಸುವ ಯೋಚನೆ ಇತ್ತು, ಕೊನೆಗೆ ಕೈಬಿಟ್ಟರು. ನಮ್ಮದಂತೂ ಕುಂಟಿದ ವಿಮಾನ. ವಿಮೆಯವರು ರಿಪೇರಿ ಬೇಡ ಅಂದರು. ಬಲ ಎಂಜಿನ್, ಕಾಕ್‌ಪಿಟ್ ಉಪಕರಣಗಳು, ಬಾಲದ ಭಾಗಗಳು ಪರೀಕ್ಷೆಗೆ ಹೋದವು. ಉಳಿದದ್ದು ಗುಜರಿಗೆ.