ಭೋಸರಿಯಲ್ಲಿ ಲ್ಯಾಬ್ ತಕ್ಕಡಿ ಮಾಡುವವರಿಗೆ

ಪುಣೆಯ ಭೋಸರಿಯಲ್ಲಿ ಶೆಡ್ ಹಿಡಿದು ಎಲೆಕ್ಟ್ರಾನಿಕ್ ಲ್ಯಾಬ್ ತಕ್ಕಡಿ ಮಾಡ್ತೀರಾ? ಮಾಡೋದಕ್ಕಿಂತ ನಂಬಿಸೋದೇ ಕಷ್ಟ. ಮೊದಲು ಒಳ್ಳೆಯ ತೂಕದ ಬಟ್ಟು ಕೊಳ್ಳಿ, ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿನ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್, ಅಂದರೆ ಬಟ್ಟಿನ ನಿಖರ ತೂಕ ಪರೀಕ್ಷಿಸಿ ಕೊಟ್ಟ ಪತ್ರ, ಸಮೇತ. ಚಿಮಟದಲ್ಲೇ ಎತ್ತಿ. ಬೆರಳಿನ ಜಿಡ್ಡಿಗೂ ತೂಕ ಇದೆ. ತೂಗುವಾಗ ಫ್ಯಾನ್ ಆಫ್ ಮಾಡಿ, ಗಾಳಿಗೂ ತೂಕ ಅಲುಗುತ್ತೆ.

ನಾನು ಎಡವಿದ್ದು ಬೇರೆ ಕಡೆ. ಇಲ್ಲಿ ಸರಿ ಮಾಡಿದ ತಕ್ಕಡಿಯನ್ನು ದೆಹಲಿಗೆ ಕಳಿಸಿದೆ. ಅಲ್ಲಿ 100 ಗ್ರಾಂ ಬಟ್ಟಿಟ್ಟರೆ 50 ಮಿಲಿಗ್ರಾಂಗಿಂತಲೂ ಜಾಸ್ತಿ ತೋರಿಸಿತು. ದೆಹಲಿಯಲ್ಲಿ ಗುರುತ್ವ ಪುಣೆಗಿಂತ ಚೂರು ಹೆಚ್ಚು, ಅಷ್ಟೇ. ವಿದೇಶಿ ತಕ್ಕಡಿಗೂ ಹೀಗೇ ಆಗುತ್ತೆ. ಆದರೆ ಗಿರಾಕಿಗಳು ‘ದೇಸಿ ಮಾಲು ಇಷ್ಟೇ’ ಅಂದುಬಿಟ್ಟರು. ತುಂಬಾ ನೋವಾಯಿತು.

ಅದಕ್ಕೇ ಪ್ರತಿ ಪೆಟ್ಟಿಗೆಯಲ್ಲೂ ಒಂದು ಬಟ್ಟು ಇಡಿ. ತಕ್ಕಡಿ ಗಿರಾಕಿಯ ಮೇಜಿನ ಮೇಲೆ ಕೂತಮೇಲೆ, ಅಲ್ಲೇ ಮತ್ತೊಮ್ಮೆ ಸರಿ ಮಾಡಿಸಿ.